ಕಣ್ಣು ತಾಳಬಲ್ಲ ಬೆಳಕು ಎಷ್ಟು? ವೆಲ್ಡಿಂಗ್, ಕುಲುಮೆ, ಗ್ರಹಣ: ತಿಳಿದಿರಬೇಕಾದ ಸುರಕ್ಷತಾ ಮಿತಿಗಳು

ಗದಗ: ಜಿಲ್ಲೆಯ ರೋಣ, ನರಗುಂದ ಹಾಗೂ ರೋಣದಿಂದ ಬೇರ್ಪಟ್ಟು ಹೊಸ ತಾಲ್ಲೂಕಾದ ಗಜೇಂದ್ರಗಡ ಎರೆಭೂಮಿಯ ಕೃಷಿ ಪಟ್ಟಣಗಳು. ಟ್ರ್ಯಾಕ್ಟರ್ ಟ್ರೈಲರ್, ಕುಂಟೆ, ಕೂರಿಗೆ, ಕಿಟಕಿ, ಗೇಟು ತಯಾರಿಸುವ ವೆಲ್ಡಿಂಗ್ ಅಂಗಡಿಗಳು ಇಂತಹ ಪಟ್ಟಣಗಳ ರಸ್ತೆಬದಿಯ ನಿತ್ಯದ ನೋಟ. ಹಳ್ಳಿಗಳಲ್ಲಿ ಚಕ್ಕಡಿಯ ಗಾಲಿಗೆ ಹಳಿ ಕಟ್ಟುವ, ಕುಡ ಕುಡುಗೋಲುಗಳನ್ನು ಹದಗೊಳಿಸುವ ಕಮ್ಮಾರರ ಕುಲುಮೆಗಳು ಇನ್ನೂ ಪೂರ್ತಿಯಾಗಿ ಆರಿಲ್ಲ. ಈ ಎರಡೂ ಕಸುಬುಗಳಲ್ಲಿ ಕೈಸುಟ್ಟರೆ ಕೂಡಲೇ ತಿಳಿಯುತ್ತದೆ. ಕಣ್ಣು ಸುಟ್ಟರೆ ತಿಳಿಯುವುದು ಗಂಟೆಗಳ ನಂತರ, ಕೆಲವೊಮ್ಮೆ ವರ್ಷಗಳ ನಂತರ.

ಕಣ್ಣಿಗೆ ಎಷ್ಟು ಬೆಳಕು, ಎಷ್ಟು ಹೊತ್ತು ಬೀಳಬಹುದು ಎಂಬುದಕ್ಕೆ ಅಂತರರಾಷ್ಟ್ರೀಯ ಮಟ್ಟದಲ್ಲಿ ಸ್ಪಷ್ಟವಾದ ಅಂಕಿಗಳಿವೆ. ಆದರೆ ಅವುಗಳನ್ನು ಅಳೆಯುವ ಉಪಕರಣ ಸಣ್ಣ ಅಂಗಡಿಗಳಲ್ಲಿ ಇರುವುದಿಲ್ಲ. ನೋವು, ಪ್ರಖರತೆ ಅಥವಾ ಕನ್ನಡಕದ ಕಪ್ಪು ಬಣ್ಣ ಇವುಗಳಲ್ಲಿ ಯಾವುದೂ ಅಳತೆಗೋಲಾಗಲಾರದು. ಆ ಅಂಕಿಗಳು ಏನು ಹೇಳುತ್ತವೆ, ಅವುಗಳನ್ನು ದಿನನಿತ್ಯದ ಕೆಲಸಕ್ಕೆ ಅನ್ವಯಿಸುವುದು ಹೇಗೆ ಎಂಬ ಮಾಹಿತಿ ಇಲ್ಲಿದೆ.

ಮೂರು ಬಗೆಯ ಕಿರಣ, ಮೂರು ಬಗೆಯ ಗಾಯ

ಬೆಳಕಿನ ತರಂಗದೂರವನ್ನು ನ್ಯಾನೋಮೀಟರುಗಳಲ್ಲಿ ಅಳೆಯುತ್ತಾರೆ. ಸುಮಾರು 400ರಿಂದ 780 ನ್ಯಾನೋಮೀಟರುಗಳ ನಡುವಿನದು ಕಣ್ಣಿಗೆ ಕಾಣುವ ಬೆಳಕು. ಅದಕ್ಕಿಂತ ಕಡಿಮೆಯದು ನೇರಳಾತೀತ ಕಿರಣ, ಹೆಚ್ಚಿನದು ಅವಕೆಂಪು ಕಿರಣ. ಅವಕೆಂಪು ಕಿರಣವನ್ನು 1800ರಲ್ಲಿ ಮೊದಲು ಪತ್ತೆ ಹಚ್ಚಿದವರು ಖಗೋಳ ವಿಜ್ಞಾನಿ ವಿಲಿಯಂ ಹರ್ಷೆಲ್. ಈ ಕಿರಣ ಕಾಣುವುದಿಲ್ಲ; ಚರ್ಮಕ್ಕೆ ಬಿಸಿಯಾಗಿ ತಿಳಿಯುತ್ತದೆ, ಅಷ್ಟೇ.

ನೇರಳಾತೀತ ಕಿರಣವು ಬಹುಪಾಲು ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದಲ್ಲಿಯೂ ಮಸೂರದಲ್ಲಿಯೂ ಹೀರಲ್ಪಡುತ್ತದೆ. ಕಾರ್ನಿಯಾದ ಮೇಲ್ಪದರ ಸುಟ್ಟು, ರಾತ್ರಿ ಕಣ್ಣಲ್ಲಿ ಮರಳು ಹೊಯ್ದಂತಾಗುವ ವೆಲ್ಡರುಗಳ ಕಣ್ಣುನೋವಿಗೆ ಇದೇ ಕಾರಣ. ಕಾಣುವ ಬೆಳಕು ಮತ್ತು 1,400 ನ್ಯಾನೋಮೀಟರುವರೆಗಿನ ಅವಕೆಂಪು ಕಿರಣ ಇವೆರಡೂ ಮಸೂರವನ್ನು ದಾಟಿ ಹಿಂಬದಿಯ ಅಕ್ಷಿಪಟಲವನ್ನು ತಲುಪುತ್ತವೆ. ಕಣ್ಣಿನ ಮಸೂರವು ಬೆಳಕನ್ನು ಒಂದು ಚುಕ್ಕೆಗೆ ಕೇಂದ್ರೀಕರಿಸುವುದರಿಂದ ಅಲ್ಲಿ ಅದರ ತೀವ್ರತೆ ಕಾರ್ನಿಯಾದ ಮೇಲಿರುವುದಕ್ಕಿಂತ ಸುಮಾರು ಒಂದು ಲಕ್ಷ ಪಟ್ಟು ಹೆಚ್ಚಾಗಬಲ್ಲದು. ಅಕ್ಷಿಪಟಲದಲ್ಲಿ ನೋವಿನ ನರಗಳಿಲ್ಲ. ಆದ್ದರಿಂದ ಅಲ್ಲಿ ಗಾಯವಾಗುವಾಗ ಏನೂ ಅನಿಸುವುದಿಲ್ಲ.

ಅದಕ್ಕೂ ದೀರ್ಘ ತರಂಗದೂರದ ಅವಕೆಂಪು ಕಿರಣ ಕಾರ್ನಿಯಾ ಮತ್ತು ಮಸೂರದ ಸುತ್ತಲಿನ ಭಾಗಗಳಲ್ಲಿಯೇ ಶಾಖವಾಗಿ ಉಳಿಯುತ್ತದೆ. ಮಸೂರಕ್ಕೆ ರಕ್ತನಾಳಗಳಿಲ್ಲದ ಕಾರಣ ಆ ಶಾಖ ಬೇಗ ಹೊರಹೋಗದು. ವರ್ಷಾನುಗಟ್ಟಲೆ ಹೀಗೆ ಕಾದ ಮಸೂರ ಮಬ್ಬಾಗಿ ಪೊರೆ ಬರುತ್ತದೆ. ಯುರೋಪಿನ ಗಾಜು ಊದುವ ಕಾರ್ಮಿಕರಲ್ಲಿ ಇದು ಎಷ್ಟು ಸಾಮಾನ್ಯವಾಗಿತ್ತೆಂದರೆ, ಬ್ರಿಟನ್ನಿನ ವಿಜ್ಞಾನಿ ವಿಲಿಯಂ ಕ್ರೂಕ್ಸ್ ಅವರು ಶಾಖದ ಕಿರಣಗಳನ್ನು ತಡೆಯುವ ಗಾಜುಗಳನ್ನು ಸಿದ್ಧಪಡಿಸಿ 1914ರಲ್ಲಿ ತಮ್ಮ ಸಂಶೋಧನೆಯನ್ನು ಪ್ರಕಟಿಸಿದರು. ಕುಲುಮೆಯ ಮುಂದೆ ಕೂರುವ ಕಮ್ಮಾರನ ಕಣ್ಣಿಗೂ ಗಾಜಿನ ಕುಲುಮೆಯ ಕಾರ್ಮಿಕನ ಕಣ್ಣಿಗೂ ಬೀಳುವುದು ಒಂದೇ ಬಗೆಯ ಕಿರಣ.

ಮಿತಿ ನಿಗದಿಪಡಿಸುವವರು ಯಾರು?

ಅಯಾನೀಕರಿಸದ ವಿಕಿರಣಗಳಿಂದ ಸಂರಕ್ಷಣೆಗಾಗಿ 1992ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಆಯೋಗ (ಐಸಿಎನ್‌ಐಆರ್‌ಪಿ) ಈ ಮಿತಿಗಳನ್ನು ಸೂಚಿಸುತ್ತದೆ. ಕಾಣುವ ಬೆಳಕು ಮತ್ತು ಅವಕೆಂಪು ಕಿರಣಗಳ ಬಗ್ಗೆ 1997ರಲ್ಲಿ ಹೊರಡಿಸಿದ್ದ ಮಾರ್ಗಸೂಚಿಯನ್ನು ಆಯೋಗ 2013ರಲ್ಲಿ ಪರಿಷ್ಕರಿಸಿತು. ನೇರಳಾತೀತ ಕಿರಣಗಳ ಮಾರ್ಗಸೂಚಿ 2004ರದು. ದೀಪಗಳ ಸುರಕ್ಷತೆಯನ್ನು ಪರೀಕ್ಷಿಸುವ ಅಂತರರಾಷ್ಟ್ರೀಯ ಮಾನಕ ಐಇಸಿ 62471. ಇದಕ್ಕೆ ಸಂವಾದಿಯಾಗಿ ಭಾರತೀಯ ಮಾನಕ ಬ್ಯೂರೋ 2012ರಲ್ಲಿ ಐಎಸ್ 16108 ಎಂಬ ಮಾನಕವನ್ನು ಪ್ರಕಟಿಸಿದೆ.

ಮುಖ್ಯ ಮಿತಿಗಳು ಹೀಗಿವೆ:

* ನೇರಳಾತೀತ ಕಿರಣ: 8 ಗಂಟೆಗಳ ದಿನವೊಂದರಲ್ಲಿ ಕಣ್ಣಿನ ಮೇಲೆ ಬೀಳುವ ಒಟ್ಟು ಪ್ರಮಾಣ, ಹಾನಿಯ ತೂಕಕ್ಕೆ ಹೊಂದಿಸಿದ ಲೆಕ್ಕದಲ್ಲಿ, ಚದರ ಮೀಟರಿಗೆ 30 ಜೂಲ್ ಮೀರಬಾರದು.

* ನೀಲಿ ಬೆಳಕು: ಅಕ್ಷಿಪಟಲಕ್ಕೆ ರಾಸಾಯನಿಕ ಹಾನಿ ಮಾಡುವುದು ಮುಖ್ಯವಾಗಿ 440 ನ್ಯಾನೋಮೀಟರಿನ ಆಸುಪಾಸಿನ ನೀಲಿ ಬೆಳಕು. ಚಿಕ್ಕ ಬಿಂದುವಿನಂತೆ ಕಾಣುವ ಮೂಲವನ್ನು ದಿಟ್ಟಿಸುವಾಗ ಅದರ ಪ್ರಮಾಣ 100 ಸೆಕೆಂಡಿನೊಳಗೆ ಚದರ ಮೀಟರಿಗೆ 100 ಜೂಲ್ ದಾಟಬಾರದು. ಅದಕ್ಕಿಂತ ಹೆಚ್ಚು ಹೊತ್ತಾದರೆ ಚದರ ಮೀಟರಿಗೆ 1 ವ್ಯಾಟ್ ಮೀರಬಾರದು.

* ಅವಕೆಂಪು ಕಿರಣ: 1,000 ಸೆಕೆಂಡು, ಅಂದರೆ ಸುಮಾರು 17 ನಿಮಿಷಕ್ಕಿಂತ ಹೆಚ್ಚು ಹೊತ್ತು ಕಣ್ಣಿಗೆ ಬೀಳುವುದಾದರೆ ಚದರ ಮೀಟರಿಗೆ 100 ವ್ಯಾಟ್ ಮಿತಿ. ಕಡಿಮೆ ಹೊತ್ತಿಗೆ ಮಿತಿ ಸಡಿಲವಾಗುತ್ತದೆ: 100 ಸೆಕೆಂಡಿಗೆ ಸುಮಾರು 570 ವ್ಯಾಟ್, 10 ಸೆಕೆಂಡಿಗೆ ಸುಮಾರು 3,200 ವ್ಯಾಟ್.

* ಬಿಳಿ ಬೆಳಕಿನ ಸಾಮಾನ್ಯ ದೀಪ: ಪ್ರಕಾಶ ಚದರ ಮೀಟರಿಗೆ 10,000 ಕ್ಯಾಂಡೆಲಾಕ್ಕಿಂತ ಕಡಿಮೆಯಿದ್ದರೆ ಪ್ರತ್ಯೇಕ ಪರೀಕ್ಷೆಯ ಅಗತ್ಯವಿಲ್ಲ. ಹೋಲಿಕೆಗೆ, ನಡುಹಗಲಿನ ಸೂರ್ಯನ ಪ್ರಕಾಶ ಸುಮಾರು 160 ಕೋಟಿ ಕ್ಯಾಂಡೆಲಾ.

ಈ ಮಿತಿಗಳಲ್ಲಿ ಸುರಕ್ಷತೆಗಾಗಿ ಸ್ವಲ್ಪ ಅಂತರವನ್ನು ಬಿಟ್ಟಿರುತ್ತಾರೆ. ಆದರೆ ಅವು ಆರೋಗ್ಯವಂತ ವಯಸ್ಕರ ಕಣ್ಣಿಗೆ ಮಾತ್ರ. ಎಳೆಯ ಮಕ್ಕಳ ಮಸೂರ ಹೆಚ್ಚು ಪಾರದರ್ಶಕವಾದ್ದರಿಂದ ಅವರ ಅಕ್ಷಿಪಟಲಕ್ಕೆ ಅಪಾಯ ಅಧಿಕ. ಮಸೂರ ತೆಗೆಸಿಕೊಂಡವರು, ಬೆಳಕಿಗೆ ದೇಹವನ್ನು ಸೂಕ್ಷ್ಮಗೊಳಿಸುವ ಕೆಲವು ಔಷಧಗಳನ್ನು ಸೇವಿಸುವವರು ಕೂಡ ಈ ಮಿತಿಗಳನ್ನೇ ನೆಚ್ಚಿಕೊಳ್ಳುವಂತಿಲ್ಲ.

ಕುಲುಮೆಯ ಲೆಕ್ಕ

ಚದರ ಮೀಟರಿಗೆ 100 ವ್ಯಾಟ್ ಎಂದರೆ ಎಷ್ಟು? ಒಂದು ಉದಾಹರಣೆಯಿಂದ ಇದನ್ನು ಅರ್ಥಮಾಡಿಕೊಳ್ಳಬಹುದು. ಕುಲುಮೆಯಲ್ಲಿ 15 ಸೆಂಟಿಮೀಟರ್ ಅಗಲದ ಕೆಂಡದ ರಾಶಿ 1,000 ಡಿಗ್ರಿ ಸೆಲ್ಸಿಯಸ್‌ಗೆ ಕಾದಿದೆ ಎಂದಿಟ್ಟುಕೊಳ್ಳೋಣ. ಕಾದ ವಸ್ತುಗಳ ವಿಕಿರಣದ ನಿಯಮದಂತೆ ಲೆಕ್ಕ ಹಾಕಿದರೆ, ಅದನ್ನು ನೇರವಾಗಿ ನೋಡುವ ಕಣ್ಣಿನ ಮೇಲೆ ಮಿತಿಗೆ ಒಳಪಡುವ ಅವಕೆಂಪು ಕಿರಣ ಹೀಗೆ ಬೀಳುತ್ತದೆ:

* ಅರ್ಧ ಮೀಟರ್ ದೂರದಲ್ಲಿ: ಚದರ ಮೀಟರಿಗೆ ಸುಮಾರು 1,500 ವ್ಯಾಟ್. ಅರ್ಧ ನಿಮಿಷದೊಳಗೆ ಮಿತಿ ಮುಗಿಯುತ್ತದೆ.

* ಒಂದು ಮೀಟರ್ ದೂರದಲ್ಲಿ: ಸುಮಾರು 370 ವ್ಯಾಟ್. ಮೂರು ನಿಮಿಷದಲ್ಲಿ ಮಿತಿ ಮುಗಿಯುತ್ತದೆ.

* ಎರಡು ಮೀಟರ್ ದೂರದಲ್ಲಿ: ಸುಮಾರು 93 ವ್ಯಾಟ್. ಇದು ದೀರ್ಘಾವಧಿಯ ಮಿತಿಯೊಳಗೇ ಇದೆ.

ಇದು ಸಿದ್ಧಾಂತದ ಲೆಕ್ಕ. ಕೆಂಡದ ಹರವು, ಗಾಳಿಯ ಒತ್ತಡ, ನೋಡುವ ಕೋನಗಳಿಗೆ ತಕ್ಕಂತೆ ನಿಜವಾದ ಅಂಕಿ ಬದಲಾಗುತ್ತದೆ. ಆದರೆ ಮುಖ್ಯ ಅಂಶ ಬದಲಾಗದು: ದೂರ ಇಮ್ಮಡಿಯಾದರೆ ಕಿರಣದ ತೀವ್ರತೆ ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ತಿದಿ ಒತ್ತುವವರು ಎರಡು ಹೆಜ್ಜೆ ಹಿಂದೆ ಸರಿದು ಕೂರುವುದು, ಕಬ್ಬಿಣ ಕಾಯುವವರೆಗೆ ಕೆಂಡವನ್ನೇ ದಿಟ್ಟಿಸದಿರುವುದು, ಕುಲುಮೆಯ ಬಾಯಿಗೂ ಮುಖಕ್ಕೂ ನಡುವೆ ತಗಡಿನ ಅಡ್ಡಿ ಇಡುವುದು ಇವೆಲ್ಲ ಖರ್ಚಿಲ್ಲದ ರಕ್ಷಣೆ. ಮುಖಕ್ಕೆ ಉರಿ ತಾಗುತ್ತಿದೆ ಎನಿಸಿದರೆ ಕಣ್ಣಿಗೂ ಅದೇ ತಾಗುತ್ತಿದೆ ಎಂದು ತಿಳಿಯಬೇಕು. ಕೆಲಸದ ಅಭ್ಯಾಸದಿಂದ ಮುಖ ಉರಿಗೆ ಒಗ್ಗಿಕೊಳ್ಳಬಹುದು, ಮಸೂರ ಒಗ್ಗಿಕೊಳ್ಳುವುದಿಲ್ಲ.

ವೆಲ್ಡಿಂಗ್: ನೋಡುವವರಿಗೂ ಅಪಾಯ

ವಿದ್ಯುತ್ ವೆಲ್ಡಿಂಗಿನ ಕಿಡಿಯಲ್ಲಿ ಮೂರೂ ಬಗೆಯ ಕಿರಣಗಳು ಒಟ್ಟಿಗೆ ಇರುತ್ತವೆ. ಒಂದು ಮೀಟರ್ ದೂರದಿಂದ ಬರಿಗಣ್ಣಿನಲ್ಲಿ ನೋಡಿದರೆ ದಿನದ ನೇರಳಾತೀತ ಮಿತಿ ಕೆಲವೇ ಸೆಕೆಂಡುಗಳಿಂದ ಒಂದೆರಡು ನಿಮಿಷಗಳೊಳಗೆ ಮುಗಿದುಹೋಗುತ್ತದೆ. ಎಷ್ಟು ಆಂಪಿಯರ್, ಯಾವ ಲೋಹ, ಯಾವ ವಿಧಾನ ಎಂಬುದರ ಮೇಲೆ ಇದು ನಿಂತಿದೆ. ನೀಲಿ ಬೆಳಕಿನ ಮಿತಿಯೂ ಕಿಡಿಯನ್ನು ನೇರವಾಗಿ ದಿಟ್ಟಿಸಿದರೆ ಒಂದು ನಿಮಿಷದೊಳಗೇ ಮುಗಿಯುತ್ತದೆ.

ಈ ಮಿತಿ ದಿನದ ಒಟ್ಟು ಮೊತ್ತಕ್ಕೆ ಅನ್ವಯಿಸುತ್ತದೆ ಎಂಬುದನ್ನು ಮರೆಯಬಾರದು. ಎರಡು ತುಂಡುಗಳನ್ನು ಹಿಡಿದು ಟ್ಯಾಕ್ ಹಾಕುವಾಗ ಪರದೆ ಹಿಡಿಯಲು ಕೈ ಬಿಡುವಿರುವುದಿಲ್ಲ. ಮುಖ ತಿರುಗಿಸಿ ಅಥವಾ ಕಣ್ಣು ಮುಚ್ಚಿ ಕಿಡಿ ಹೊತ್ತಿಸುವುದು ರೂಢಿ. ಒಂದೊಂದು ಕಿಡಿ ಅರೆಕ್ಷಣದ್ದೇ ಆದರೂ ದಿನಕ್ಕೆ ನೂರು ಕಿಡಿ ಸೇರಿದರೆ ಮಿತಿ ದಾಟುತ್ತದೆ. ತಲೆಗೆ ಹಾಕುವ ಹೆಲ್ಮೆಟ್ ಮಾದರಿಯ ಪರದೆ ಬಳಸಿದರೆ ಎರಡೂ ಕೈಗಳು ಬಿಡುವಾಗಿರುತ್ತವೆ.

ಕಬ್ಬಿಣ ಹಿಡಿದು ಕೂರುವ ಸಹಾಯಕರು ಕಿಡಿಗೆ ವೆಲ್ಡರನಷ್ಟೇ ಹತ್ತಿರದಲ್ಲಿರುತ್ತಾರೆ. ಆದರೆ ಪರದೆ ಇರುವುದು ಸಾಮಾನ್ಯವಾಗಿ ಒಂದೇ. ರಸ್ತೆಬದಿಯಲ್ಲಿ ನಿಂತು ನೋಡುವ ಮಕ್ಕಳದೂ ಇದೇ ಕಥೆ. ಒಂದು ಮೀಟರಿನಲ್ಲಿ 10 ಸೆಕೆಂಡಿಗೆ ಮುಗಿಯುವ ಮಿತಿ 10 ಮೀಟರಿನಲ್ಲಿ 1,000 ಸೆಕೆಂಡಿಗೆ ಮುಗಿಯುತ್ತದೆ. ಹಾಗಾಗಿ ದಾಟಿ ಹೋಗುವವರಿಗೆ ಭಯವಿಲ್ಲ. ಎದುರಿನ ಅಂಗಡಿಯಲ್ಲಿ ದಿನವಿಡೀ ಕೂರುವವರಿಗೆ ಮಾತ್ರ ಅಡ್ಡಪರದೆ ಬೇಕೇ ಬೇಕು. ಗೋಣಿಚೀಲ, ತಗಡು, ದಪ್ಪ ತಾಡಪಾಲು ಯಾವುದಾದರೂ ಸರಿ, ಬೆಳಕು ಕಾಣದಂತೆ ಮರೆಮಾಡಿದರೆ ಸಾಕು. ಆದರೆ ಬಟ್ಟೆ, ಗೋಣಿಗಳಿಗೆ ಕಿಡಿ ಸಿಡಿದು ಬೆಂಕಿ ಹತ್ತದಂತೆ ದೂರ ಕಟ್ಟಬೇಕು.

ಕಪ್ಪು ಗಾಜೆಲ್ಲ ರಕ್ಷಣೆಯಲ್ಲ

ವೆಲ್ಡಿಂಗ್ ಗಾಜನ್ನು ಕೊಳ್ಳುವಾಗ ನೋಡಬೇಕಾದ್ದು ಬಣ್ಣವನ್ನಲ್ಲ, ಅದರ ಮೇಲೆ ನಮೂದಿಸಿರುವ ಶೇಡ್ ಸಂಖ್ಯೆಯನ್ನು. ಈ ಸಂಖ್ಯೆ ಒಂದು ಹೆಚ್ಚಾದಂತೆ ಒಳಬರುವ ಬೆಳಕು ಸುಮಾರು 2.7 ಪಟ್ಟು ಕಡಿಮೆಯಾಗುತ್ತದೆ. 10ನೇ ಸಂಖ್ಯೆಯ ಗಾಜು ಕಾಣುವ ಬೆಳಕಿನ ಸುಮಾರು 7,200ನೇ ಒಂದು ಭಾಗವನ್ನು ಮಾತ್ರ ಬಿಡುತ್ತದೆ. 12ನೇ ಸಂಖ್ಯೆಯದು 52 ಸಾವಿರದಲ್ಲಿ ಒಂದು ಭಾಗ, 14ನೇ ಸಂಖ್ಯೆಯದು 3.7 ಲಕ್ಷದಲ್ಲಿ ಒಂದು ಭಾಗ. ಮಾನಕಕ್ಕೆ ಅನುಗುಣವಾದ ಗಾಜು ಇದರ ಜೊತೆಗೇ ನೇರಳಾತೀತ ಮತ್ತು ಅವಕೆಂಪು ಕಿರಣಗಳನ್ನೂ ನಿಗದಿತ ಪ್ರಮಾಣದಲ್ಲಿ ತಡೆಯುತ್ತದೆ. ವೆಲ್ಡಿಂಗಿನ ಕಣ್ಣು-ಮುಖ ರಕ್ಷಣಾ ಸಾಧನಗಳಿಗೆ ಭಾರತೀಯ ಮಾನಕ ಐಎಸ್ 1179.

ಸಾಮಾನ್ಯವಾಗಿ ಶಿಫಾರಸು ಮಾಡುವ ಸಂಖ್ಯೆಗಳು:

* ಗ್ಯಾಸ್ ಕಟಿಂಗ್: 3ರಿಂದ 6

* ಗ್ಯಾಸ್ ವೆಲ್ಡಿಂಗ್: 4ರಿಂದ 8

* ರಾಡ್ ಬಳಸುವ ವಿದ್ಯುತ್ ವೆಲ್ಡಿಂಗ್, 60ರಿಂದ 160 ಆಂಪಿಯರ್: 10

* 160ರಿಂದ 250 ಆಂಪಿಯರ್: 12

* ಅದಕ್ಕೂ ಹೆಚ್ಚು: 14

ಸಂಖ್ಯೆಯಿಲ್ಲದ ಅಗ್ಗದ ಕಪ್ಪು ಕನ್ನಡಕ ಬರಿಗಣ್ಣಿಗಿಂತಲೂ ಅಪಾಯಕಾರಿಯಾಗಬಹುದು. ಕತ್ತಲಾದಂತೆ ಕಣ್ಣಿನ ಪಾಪೆ ಹಿಗ್ಗುತ್ತದೆ. ಪ್ರಖರತೆ ತಿಳಿಯದ ಕಾರಣ ಮನುಷ್ಯ ಹೆಚ್ಚು ಹೊತ್ತು ನೋಡುತ್ತಾನೆ. ಗಾಜು ತಡೆಯದ ಕಾಣದ ಕಿರಣ ಹಿಗ್ಗಿದ ಪಾಪೆಯ ಮೂಲಕ ಸಲೀಸಾಗಿ ಒಳಹೋಗುತ್ತದೆ. ಇನ್ನು, ಗ್ರೈಂಡಿಂಗಿಗೆ ಬಳಸುವ ಪಾರದರ್ಶಕ ಪಾಲಿಕಾರ್ಬೊನೇಟ್ ಕನ್ನಡಕ ನೇರಳಾತೀತ ಕಿರಣವನ್ನು ಬಹುತೇಕ ಪೂರ್ತಿಯಾಗಿ ತಡೆಯುತ್ತದೆ. ಸಹಾಯಕರಿಗೆ ಅದು ಉಪಯುಕ್ತ. ಆದರೆ ನೀಲಿ ಬೆಳಕನ್ನೂ ಶಾಖವನ್ನೂ ಅದು ತಡೆಯದ ಕಾರಣ ಅದನ್ನು ಧರಿಸಿ ಕಿಡಿಯನ್ನು ದಿಟ್ಟಿಸುವಂತಿಲ್ಲ.

ಗ್ರಹಣ: 1980ರ ನೆನಪು, 2031ರ ಸಿದ್ಧತೆ

ಕಸುಬಿನವರಲ್ಲದವರೂ ತೀವ್ರ ಬೆಳಕನ್ನು ದಿಟ್ಟಿಸುವ ಸಂದರ್ಭ ಒಂದಿದೆ, ಅದು ಸೂರ್ಯಗ್ರಹಣ. 1980ರ ಫೆಬ್ರುವರಿ 16ರಂದು ಮಧ್ಯಾಹ್ನದ ನಂತರ ಸಂಭವಿಸಿದ ಖಗ್ರಾಸ ಸೂರ್ಯಗ್ರಹಣದ ಪಥ ಉತ್ತರ ಕನ್ನಡದ ಕರಾವಳಿಯಿಂದ ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾದುಹೋಗಿತ್ತು. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಹುಬ್ಬಳ್ಳಿ ಸಮೀಪದ ಹೊಸೂರು ಮತ್ತು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬೀಡುಬಿಟ್ಟು ಅಧ್ಯಯನ ನಡೆಸಿದ್ದರು. ಕಣ್ಣು ಹೋದೀತೆಂಬ ಭಯದಿಂದ ಅಂದು ದೇಶದ ಅನೇಕ ಕಡೆ ಜನ ಮನೆಯಿಂದ ಹೊರಬರಲಿಲ್ಲ.

ಭಯ ನಿರಾಧಾರವಾಗಿರಲಿಲ್ಲ, ಆದರೆ ಕಾರಣ ಗ್ರಹಣವಲ್ಲ, ಸೂರ್ಯ. ನಡುಹಗಲಿನ ಸೂರ್ಯನನ್ನು ದಿಟ್ಟಿಸಿದರೆ ನೀಲಿ ಬೆಳಕಿನ ಮಿತಿ ಒಂದು ಸೆಕೆಂಡಿನ ಆಸುಪಾಸಿನಲ್ಲೇ ಮುಗಿಯುತ್ತದೆ. ಉಳಿದ ದಿನಗಳಲ್ಲಿ ಕಣ್ಣು ಕಾಲು ಸೆಕೆಂಡಿನಲ್ಲಿ ತಾನಾಗಿಯೇ ಮುಚ್ಚಿ ಪಾರಾಗುತ್ತದೆ. ಗ್ರಹಣ ಹಿಡಿದಾಗ ಒಟ್ಟು ಬೆಳಕು ತಗ್ಗುವುದರಿಂದ ಆ ಸಹಜ ರಕ್ಷಣೆ ಕೆಲಸ ಮಾಡುವುದಿಲ್ಲ. ಆದರೆ ಉಳಿದ ಬಿಂಬದ ಪ್ರತಿ ತುಣುಕೂ ಮೊದಲಿನಷ್ಟೇ ಪ್ರಖರವಾಗಿರುತ್ತದೆ. ಖಗ್ರಾಸದ ಪಥದೊಳಗೆ ಬಿಂಬ ಪೂರ್ತಿ ಮರೆಯಾದ ಆ ಒಂದೆರಡು ನಿಮಿಷ ಮಾತ್ರ ಬರಿಗಣ್ಣಿನಿಂದ ನೋಡಲು ಸುರಕ್ಷಿತ.

ಪರಾತದಲ್ಲಿ ಅರಿಶಿನದ ನೀರು ಅಥವಾ ಸಗಣಿ ನೀರು ತುಂಬಿ ಪ್ರತಿಬಿಂಬ ನೋಡುವ ವಾಡಿಕೆ ನಮ್ಮಲ್ಲಿದೆ. ಸೂರ್ಯ ನೆತ್ತಿಯ ಮೇಲಿದ್ದಾಗ ನೀರಿನ ಮೇಲ್ಮೈ ಸುಮಾರು ಶೇ 2ರಷ್ಟು ಬೆಳಕನ್ನು ಪ್ರತಿಫಲಿಸುತ್ತದೆ. ಬಣ್ಣ ಬೆರೆಸಿದರೂ ಮೇಲ್ಮೈಯ ಪ್ರತಿಫಲನ ಕಡಿಮೆಯಾಗದು. 160 ಕೋಟಿ ಕ್ಯಾಂಡೆಲಾದ ಶೇ 2 ಎಂದರೆ 3 ಕೋಟಿಗೂ ಹೆಚ್ಚು! ಒಂದು ನಿಮಿಷದ ಆಸುಪಾಸಿನಲ್ಲಿ ಮಿತಿ ಮುಗಿಯುತ್ತದೆ. ಸೂರ್ಯ ಇಳಿದಂತೆ ನೀರಿನ ಪ್ರತಿಫಲನವೂ ಹೆಚ್ಚುತ್ತದೆ. ಮಸಿ ಹಿಡಿದ ಗಾಜು, ಎಕ್ಸರೇ ಫಿಲ್ಮ್, ಸಿ.ಡಿ., ತಂಪು ಕನ್ನಡಕ ಯಾವುವೂ ಸುರಕ್ಷಿತವಲ್ಲ. ಐಎಸ್ಒ 12312-2 ಮಾನಕದ ಗ್ರಹಣ ಕನ್ನಡಕ ಅಥವಾ 14ನೇ ಸಂಖ್ಯೆಯ ವೆಲ್ಡಿಂಗ್ ಗಾಜು ಬಳಸಬಹುದು. ಅಂಗಡಿಯಲ್ಲಿ ನಿತ್ಯ ಬಳಸುವ 10ನೇ ಸಂಖ್ಯೆಯ ಗಾಜು ಸಾಲದು. ರಟ್ಟಿನಲ್ಲಿ ಸೂಜಿರಂಧ್ರ ಮಾಡಿ ಬಿಂಬವನ್ನು ಗೋಡೆಯ ಮೇಲೆ ಬೀಳಿಸಿ ನೋಡುವುದು ಎಲ್ಲಕ್ಕಿಂತ ಸುಲಭ ವಿಧಾನ.

2031ರ ಮೇ 21ರಂದು ಕಂಕಣ ಸೂರ್ಯಗ್ರಹಣದ ಪಥ ಕೇರಳ, ತಮಿಳುನಾಡುಗಳ ಮೇಲೆ ಹಾದುಹೋಗಲಿದೆ. ಉತ್ತರ ಕರ್ನಾಟಕದಲ್ಲಿ ಅದು ಪಾರ್ಶ್ವ ಗ್ರಹಣವಾಗಿ ಕಾಣಲಿದೆ. ಅಂದು ಇಲ್ಲಿ ಬರಿಗಣ್ಣಿಗೆ ಸುರಕ್ಷಿತವಾದ ಕ್ಷಣ ಒಂದೂ ಇರುವುದಿಲ್ಲ.

ಮೆರವಣಿಗೆಯ ಲೇಸರ್

ಮನೆಯ ಎಲ್ಇಡಿ ದೀಪಗಳು ಸಾಮಾನ್ಯ ಬಳಕೆಯಲ್ಲಿ ಮಿತಿಯೊಳಗೇ ಇರುತ್ತವೆ. ಆತಂಕ ಇರುವುದು ಲೇಸರ್ ಬಗ್ಗೆ. 1 ಮಿಲಿವ್ಯಾಟ್‌ವರೆಗಿನ ಕಾಣುವ ಲೇಸರ್ 2ನೇ ವರ್ಗಕ್ಕೆ ಸೇರುತ್ತದೆ. ಆಕಸ್ಮಿಕವಾಗಿ ಕಣ್ಣಿಗೆ ಬಿದ್ದರೆ ಕಣ್ಣು ಮಿಟುಕಿಸುವುದರಿಂದಲೇ ರಕ್ಷಣೆ ಸಿಗುತ್ತದೆ. ಮೆರವಣಿಗೆಗಳಲ್ಲಿ ಡಿ.ಜೆ. ಜೊತೆ ತರುವ ಲೇಸರುಗಳ ಶಕ್ತಿ ಇದರ ನೂರಾರು ಪಟ್ಟು ಇರಬಹುದು. ಅಲ್ಲಿ ಮಿಟುಕಿಸುವಷ್ಟು ಸಮಯವೂ ಸಿಗುವುದಿಲ್ಲ. 2022 ಮತ್ತು 2023ರ ಗಣೇಶೋತ್ಸವಗಳ ನಂತರ ಮಹಾರಾಷ್ಟ್ರದ ಕೊಲ್ಹಾಪುರ, ನಾಸಿಕ್‌ಗಳಲ್ಲಿ ಯುವಕರ ಅಕ್ಷಿಪಟಲಕ್ಕೆ ಗಾಯವಾದ ಪ್ರಕರಣಗಳನ್ನು ನೇತ್ರತಜ್ಞರು ವರದಿ ಮಾಡಿದ್ದರು.

ಕಾನೂನಿನ ಕಣ್ಣು ತಲುಪದ ಅಂಗಡಿ

1948ರ ಕಾರ್ಖಾನೆಗಳ ಕಾಯ್ದೆಯ 35ನೇ ಕಲಮು, ಅತಿಯಾದ ಬೆಳಕಿನಿಂದ ಕಣ್ಣಿಗೆ ಅಪಾಯವಿರುವ ಕೆಲಸಗಳಲ್ಲಿ ಪರದೆ ಅಥವಾ ಕನ್ನಡಕ ಒದಗಿಸಬೇಕೆಂದು ವಿಧಿಸುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ನೀಡಿತ್ತು. 1923ರ ಕಾರ್ಮಿಕರ ಪರಿಹಾರ ಕಾಯ್ದೆಯ ಅನುಸೂಚಿಯಲ್ಲಿ ಅವಕೆಂಪು ಕಿರಣದಿಂದ ಬರುವ ಪೊರೆಯನ್ನು ಔದ್ಯೋಗಿಕ ರೋಗವೆಂದೇ ಸೇರಿಸಲಾಗಿತ್ತು. ಆದರೆ ವಿದ್ಯುತ್ ಬಳಸುವ ಘಟಕದಲ್ಲಿ ಕನಿಷ್ಠ 10 ಕಾರ್ಮಿಕರಿದ್ದರೆ ಮಾತ್ರ ಅದು ಕಾರ್ಖಾನೆ ಎನಿಸುತ್ತಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯಲ್ಲಿ ಈ ಸಂಖ್ಯೆ 20ಕ್ಕೆ ಏರಿದೆ. ಇಬ್ಬರು ಮೂವರು ದುಡಿಯುವ ತಾಲ್ಲೂಕು ಪಟ್ಟಣದ ವೆಲ್ಡಿಂಗ್ ಅಂಗಡಿ, ಮನೆಯವರೇ ನಡೆಸುವ ಕುಲುಮೆ ಅಂದೂ ಇಂದೂ ಈ ವ್ಯಾಖ್ಯೆಯ ಹೊರಗೇ. ಅಲ್ಲಿ ಮಿತಿಯನ್ನು ಪಾಲಿಸುವವರು, ಪಾಲಿಸುವಂತೆ ಮಾಡುವವರು ಇಬ್ಬರೂ ಅಂಗಡಿಯವರೇ ಆಗಬೇಕು.

ಕಣ್ಣಿಗೆ ಬೆಳಕು ಹೊಡೆದರೆ

* ವೆಲ್ಡಿಂಗ್ ಬೆಳಕಿನ ನೋವು ಸಾಮಾನ್ಯವಾಗಿ 6ರಿಂದ 12 ಗಂಟೆಗಳ ನಂತರ ಕಾಣಿಸಿಕೊಂಡು ಒಂದೆರಡು ದಿನಗಳಲ್ಲಿ ಗುಣವಾಗುತ್ತದೆ. ಕಣ್ಣು ಉಜ್ಜಬಾರದು. ಮುಚ್ಚಿದ ಕಣ್ಣಿನ ಮೇಲೆ ತಣ್ಣನೆಯ ಶುಭ್ರ ಬಟ್ಟೆ ಇಡಬಹುದು.

* ಎದೆಹಾಲು, ಹಸುವಿನ ಹಾಲು, ಸೊಪ್ಪಿನ ರಸ ಹಾಕಬಾರದು. ಸುಟ್ಟ ಕಾರ್ನಿಯಾಕ್ಕೆ ಸೋಂಕು ತಗುಲಿ ಹುಣ್ಣಾಗುವ ಅಪಾಯವಿದೆ.

* ಔಷಧ ಅಂಗಡಿಯಿಂದ ಮರಗಟ್ಟಿಸುವ ಹನಿ ಅಥವಾ ಸ್ಟೀರಾಯ್ಡ್ ಹನಿ ತಂದು ಹಾಕಿಕೊಳ್ಳಬಾರದು. ಮರಗಟ್ಟಿಸುವ ಹನಿ ನೋವನ್ನು ತಕ್ಷಣ ನಿಲ್ಲಿಸುತ್ತದೆ, ಆದರೆ ಪದೇ ಪದೇ ಹಾಕಿದರೆ ಕಾರ್ನಿಯಾ ಮಾಯುವುದನ್ನೇ ತಡೆಯುತ್ತದೆ.

* ಎರಡು ದಿನ ಕಳೆದರೂ ನೋವು ಇಳಿಯದಿದ್ದರೆ, ದೃಷ್ಟಿ ಮಂಜಾದರೆ, ಒಂದೇ ಕಣ್ಣಿನಲ್ಲಿ ನೋವಿದ್ದರೆ ವೈದ್ಯರನ್ನು ಕಾಣಬೇಕು. ಕಣ್ಣಿಗೆ ಲೋಹದ ಚೂರು ಹೊಕ್ಕಿರಲೂಬಹುದು.

* ಸೂರ್ಯ, ಲೇಸರ್ ಅಥವಾ ಕಿಡಿಯನ್ನು ನೋಡಿದ ನಂತರ ನೋಟದ ನಡುವೆ ಕಪ್ಪು ಚುಕ್ಕೆ ಉಳಿದರೆ, ಗೆರೆಗಳು ಸೊಟ್ಟಗೆ ಕಂಡರೆ ನೋವಿಲ್ಲವೆಂದು ಸುಮ್ಮನಿರಬಾರದು. ಅದು ಅಕ್ಷಿಪಟಲದ ಗಾಯ. ಕೆಲವರಲ್ಲಿ ಮೂರರಿಂದ ಆರು ತಿಂಗಳಲ್ಲಿ ತಾನಾಗಿ ಸುಧಾರಿಸುತ್ತದೆ. ಖಚಿತವಾದ ಚಿಕಿತ್ಸೆ ಇಲ್ಲ.

* ಕುಲುಮೆ, ವೆಲ್ಡಿಂಗ್ ಕೆಲಸದವರು ವರ್ಷಕ್ಕೊಮ್ಮೆ ತಾಲ್ಲೂಕು ಆಸ್ಪತ್ರೆಯಲ್ಲಿ ಕಣ್ಣಿನ ಪರೀಕ್ಷೆ ಮಾಡಿಸಿಕೊಳ್ಳುವುದು ಒಳಿತು. ಹೆಚ್ಚಿನ ಪರೀಕ್ಷೆಗೆ ಗದಗಿನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಹಾಗೂ ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಸಂಸ್ಥೆಗಳಿವೆ. ತಮ್ಮ ಕಸುಬು ಯಾವುದು, ಎಷ್ಟು ವರ್ಷಗಳಿಂದ ಎಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಅಳತೆಯ ಉಪಕರಣ ಇಲ್ಲದ ಕಡೆ ನೆನಪಿಡಬೇಕಾದ್ದು ಮೂರೇ: ಗಾಜಿನ ಸಂಖ್ಯೆ, ನಿಂತ ದೂರ, ನೋಡಿದ ಹೊತ್ತು. ಪರದೆಯ ಗಾಜು ಬದಲಿಸಲು ತಗಲುವ ಖರ್ಚು ಒಂದು ದಿನದ ಕೂಲಿಗಿಂತ ಕಡಿಮೆ. ವೆಲ್ಡರನಿಗೊಂದು, ಕಬ್ಬಿಣ ಹಿಡಿಯುವವನಿಗೊಂದು ಹೀಗೆ ಎರಡು ಪರದೆ ಇಟ್ಟುಕೊಂಡ ಅಂಗಡಿ ಅರ್ಧ ಕೆಲಸ ಮಾಡಿದಂತೆ.